ಹಿರಿಯರ ಸ್ನಾಯುಬಲ: ಬಸಿದ ಕಟ್ಟು ಸಾಲದು, ಕಾಳೂ ಬೇಕು

ನಡುವಯಸ್ಸಿನಿಂದ ಆರಂಭವಾಗುವ ಮಾಂಸಖಂಡಗಳ ಸವಕಳಿಯು 60 ವರ್ಷಗಳ ನಂತರ ತೀವ್ರಗೊಳ್ಳುತ್ತದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಸಾರ್ಕೊಪೀನಿಯಾ ಎಂದು ಹೆಸರು. ನೆಲದಿಂದ ಏಳಲು ಗೋಡೆ ಹಿಡಿಯುವುದು, ತುಂಬಿದ ಬಿಂದಿಗೆಯನ್ನು ಎತ್ತಲಾಗದಿರುವುದು, ನಡೆಯುವಾಗ ಮುಗ್ಗರಿಸುವುದು ಇದರ ಲಕ್ಷಣಗಳು. ಬಿದ್ದು ಸೊಂಟದ ಮೂಳೆ ಮುರಿದಲ್ಲಿ ಅನೇಕ ಹಿರಿಯರು ಮತ್ತೆ ಮೊದಲಿನಂತೆ ನಡೆಯಲಾರರು. ಸೂಕ್ತ ಆಹಾರ ಮತ್ತು ಚಟುವಟಿಕೆಯಿಂದ ಈ ಸವಕಳಿಯನ್ನು ನಿಧಾನಗೊಳಿಸಲು ಸಾಧ್ಯವಿದೆ.

ಅಗತ್ಯ ಪ್ರಮಾಣ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಅವಶ್ಯಕ. ವಯಸ್ಸಾದ ದೇಹವು ಪ್ರೋಟೀನನ್ನು ಸ್ನಾಯುವಾಗಿ ಮಾರ್ಪಡಿಸುವಲ್ಲಿ ಹಿಂದುಳಿಯುವುದರಿಂದ, ಹಿರಿಯರಿಗೆ 1ರಿಂದ 1.2 ಗ್ರಾಂ ಬೇಕೆಂಬುದು ಹಲವು ತಜ್ಞರ ಅಭಿಪ್ರಾಯ. ಅಂದರೆ 50 ಕಿಲೋ ತೂಕದವರಿಗೆ ಕನಿಷ್ಠ 50 ಗ್ರಾಂ.

ಇದು ದುಬಾರಿ ಆಹಾರವನ್ನು ಬೇಡುವುದಿಲ್ಲ. 200 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 14, 50 ಗ್ರಾಂ ತೊಗರಿಬೇಳೆಯಲ್ಲಿ 11, 30 ಗ್ರಾಂ ಹುರುಳಿಯಲ್ಲಿ 6, 400 ಮಿಲಿ ಹಾಲು-ಮೊಸರಿನಲ್ಲಿ 13, ಒಂದು ಮೊಟ್ಟೆ ಅಥವಾ 25 ಗ್ರಾಂ ಕಡಲೆಕಾಯಿ ಬೀಜದಲ್ಲಿ 6 ಗ್ರಾಂ ಪ್ರೋಟೀನ್ ದೊರೆಯುತ್ತದೆ.

ಕೊರತೆ ಉಂಟಾಗುವ ಬಗೆ

ಬಸ್ಸಾರು ಮಾಡುವ ಮನೆಗಳಲ್ಲಿ ಹಲ್ಲಿಲ್ಲದ ಹಿರಿಯರಿಗೆ ಮುದ್ದೆಯೊಡನೆ ಸಾರು ಮಾತ್ರ ಬಡಿಸಿ, ಕಾಳಿನ ಪಲ್ಯವನ್ನು ಉಳಿದವರು ಉಣ್ಣುವುದುಂಟು. ಆದರೆ ಪ್ರೋಟೀನಿನ ಬಹುಪಾಲು ಕಾಳಿನಲ್ಲಿಯೇ ಉಳಿದಿರುತ್ತದೆ. ರಾತ್ರಿ ಬರಿಯ ಗಂಜಿ ಕುಡಿದು ಮಲಗುವುದರಿಂದ ಕೊರತೆ ಇನ್ನಷ್ಟು ಹೆಚ್ಚುತ್ತದೆ. ಕಾಳನ್ನು ಮೆತ್ತಗೆ ಬೇಯಿಸಿ ಮಸೆದು, ಕಡಲೆಕಾಯಿ ಬೀಜವನ್ನು ಹುರಿದು ಪುಡಿ ಮಾಡಿ ನೀಡತಕ್ಕದ್ದು. ಒಂದೇ ಹೊತ್ತಿಗೆ ಹೆಚ್ಚು ಕೊಡುವುದಕ್ಕಿಂತ ಮೂರು ಹೊತ್ತಿಗೂ ಹಂಚುವುದು ಲೇಸು.

ಆಹಾರದೊಡನೆ ಶ್ರಮವೂ ಬೇಕು. ದಿನನಿತ್ಯದ ನಡಿಗೆಯ ಜೊತೆಗೆ, ಕುರ್ಚಿಯಿಂದ ಹತ್ತು ಬಾರಿ ಎದ್ದು ಕೂರುವ ಅಭ್ಯಾಸವು ತೊಡೆಗಳನ್ನು ಬಲಪಡಿಸುತ್ತದೆ. ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರ ಸಲಹೆಯಿಲ್ಲದೆ ಪ್ರೋಟೀನ್ ಹೆಚ್ಚಿಸಬಾರದು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಹಿರಿಯರ ಆಹಾರದ ವಿಷಯವನ್ನು ಚರ್ಚೆಗೆ ತರುವುದು.

2. ಒಂಟಿಯಾಗಿ ವಾಸಿಸುವ ಹಿರಿಯರನ್ನು ವಾರ್ಡ್‌ವಾರು ಗುರುತಿಸಿ, ಆಶಾ ಕಾರ್ಯಕರ್ತೆಯರ ಗಮನಕ್ಕೆ ತರುವುದು.

3. ಬೆರಳಚ್ಚು ಹೊಂದಿಕೆಯಾಗದ ಕಾರಣಕ್ಕೆ ಯಾವುದೇ ಹಿರಿಯರಿಗೆ ಪಡಿತರ ತಪ್ಪದಂತೆ ನೋಡಿಕೊಳ್ಳುವುದು.

4. ಅರ್ಹರಿಗೆ ವೃದ್ಧಾಪ್ಯ ವೇತನ ತಲುಪುತ್ತಿರುವುದನ್ನು ಖಚಿತಪಡಿಸಿಕೊಳ್ಳುವುದು.

ತಮ್ಮ ಕಾಲ ಮೇಲೆ ತಾವು ನಡೆದು ಗ್ರಾಮಸಭೆಗೆ ಬರಬಲ್ಲ ಹಿರಿಯರು ಊರಿನ ಆಸ್ತಿ. ಅವರ ಬಲವನ್ನು ಕಾಯುವ ಕೆಲಸವು ಪ್ರತಿ ಮನೆಯ ಅಡುಗೆಮನೆಯಿಂದಲೇ ಆರಂಭವಾಗಬೇಕಿದೆ.