ವೇಳಾಪಟ್ಟಿಯಲ್ಲಿ ಮಾತಿಗೂ ಜಾಗವಿರಲಿ

ಮರಿ,

ಕೆಲಸ ಬಿಟ್ಟು ಆರು ತಿಂಗಳು ಯಾವುದಾದರೂ ಹೊಳೆಯ ದಡದಲ್ಲಿ ಒಬ್ಬನೇ ಇರುತ್ತೇನೆ, ಮೀನು ಹಿಡಿದು ಬಿಡುತ್ತೇನೆ, ಮಿಕ್ಕ ಹೊತ್ತು ಧ್ಯಾನ ಮಾಡುತ್ತೇನೆ ಎಂದು ನೀನು ಕಳಿಸಿದ ಮೆಸೇಜನ್ನು ನಿನ್ನಪ್ಪ ನನಗೂ ತೋರಿಸಿದ. ಅವನಿಗೆ ಗಾಬರಿ. ನನಗೆ ಆಗಲಿಲ್ಲ. ನಿನ್ನ ವಯಸ್ಸಿನಲ್ಲಿ ಇಂಥದ್ದೊಂದು ಯೋಚನೆಯೇ ಬಾರದವರನ್ನು ಕಂಡರೆ ನನಗೆ ಅನುಮಾನ ಜಾಸ್ತಿ. ಹೋಗಬೇಡ ಅನ್ನುವುದಿಲ್ಲ. ಹೋಗುವ ಮೊದಲು ಒಂದು ಕಾದಂಬರಿ ಓದು. ನೀನಿರುವ ಆರೆಗನ್ ರಾಜ್ಯದ್ದೇ ಕತೆ: ಡೇವಿಡ್ ಜೇಮ್ಸ್ ಡಂಕನ್ ಬರೆದ ‘ದ ರಿವರ್ ವೈ’. 1983ರಲ್ಲಿ ಬಂತು. ಕಾಡು, ನದಿ ಉಳಿಸಿ ಎಂದು ಹೋರಾಡುವ ಸಿಯೆರಾ ಕ್ಲಬ್‌ನವರು ಅಚ್ಚು ಹಾಕಿದ ಮೊದಲ ಕಾದಂಬರಿ ಅದು. ಸಿನಿಮಾ ಕೂಡ ಆಗಿದೆಯಂತೆ ಎಂದು ಅದನ್ನು ನೋಡಿ ಕೈತೊಳೆದುಕೊಳ್ಳಬೇಡ.

ಮೀನು ಹಿಡಿಯುವ ಪುಸ್ತಕ ದೊಡ್ಡಪ್ಪನಿಗೆ ಎಲ್ಲಿಂದ ಹಿಡಿಸಿತು ಎಂದು ನಗುತ್ತೀಯ. ನಮ್ಮ ಮನೆಯವರು ಮೀನನ್ನು ಹತ್ತಿರದಿಂದ ನೋಡಿದ್ದು ಶೃಂಗೇರಿಯಲ್ಲಿ ತುಂಗೆಗೆ ಮಂಡಕ್ಕಿ ಎಸೆಯುವಾಗ ಮಾತ್ರ. ಇರಲಿ. ಕಳೆದ ಸಲ ಬಂದಾಗ ನಿನ್ನ ಕಪಾಟಿನಿಂದಲೇ ತೆಗೆದು ಓದಿದೆ. ನೀನು ಕೊಂಡಿಟ್ಟಿದ್ದೀಯ, ಆದರೆ ಅದರ ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು ಕಣಯ್ಯಾ.

ಕತೆ ಹೇಳುವ ಹುಡುಗ ಗಸ್ ಆರ್ವಿಸ್ಟನ್. ಅಪ್ಪ ಫ್ಲೈ ಫಿಶಿಂಗ್ ಪಂಡಿತ; ಪುಸ್ತಕ ಬರೆದವನು, ಮಡಿವಂತ. ಗರಿ, ಕೂದಲು, ದಾರಗಳಿಂದ ಕಟ್ಟಿದ ಹುಸಿ ನೊಣ ಬಿಟ್ಟು ಬೇರೇನನ್ನಾದರೂ ಗಾಳಕ್ಕೆ ಸಿಕ್ಕಿಸುವುದು ಅವನ ಲೆಕ್ಕದಲ್ಲಿ ಮೈಲಿಗೆ. ಅಮ್ಮ ಪೂರ್ವ ಆರೆಗನ್ನಿನ ಒರಟು ಹೆಂಗಸು, ಎರೆಹುಳು ಚುಚ್ಚಿ ನೀರಿಗೆ ಬಿಡುವವಳು. ಇಬ್ಬರಿಗೂ ಮೂರು ಹೊತ್ತೂ ಇದೇ ಜಗಳ. ಮೇಲ್ನೋಟಕ್ಕೆ ಇದು ತಮಾಷೆ. ನನಗೆ ಮಾತ್ರ ನಮ್ಮೂರಿನ ಎರಡು ಪಂಗಡಗಳು ನಾಮದ ಆಕಾರಕ್ಕೆ ಹೊಡೆದಾಡಿದ್ದು ನೆನಪಾಯಿತು. ಹುಡುಗ ಇಬ್ಬರಿಂದಲೂ ಕಲಿತ. ಅವನ ತಮ್ಮನೊಬ್ಬನಿದ್ದಾನೆ, ಮೀನು ಎಂದರೆ ಅವನಿಗೆ ಆಸಕ್ತಿಯೇ ಇಲ್ಲ. ಇಡೀ ಮನೆಯಲ್ಲಿ ನೆಮ್ಮದಿಯಾಗಿರುವವನು ಅವನೊಬ್ಬನೇ.

ಈಗ ನಿನಗೆ ಬೇಕಾದ ಭಾಗ. ಶಾಲೆ ಮುಗಿಸಿದ ಗಸ್ ಜಗಳದ ಮನೆ ಬಿಟ್ಟು ಕರಾವಳಿಯ ಬೆಟ್ಟಸಾಲಿನಲ್ಲಿ, ಟಮಾನವಿಸ್ ಎಂಬ ಕಲ್ಪಿತ ನದಿಯ ದಡಕ್ಕೆ ಬಂದು ಒಬ್ಬನೇ ಇರುತ್ತಾನೆ. ಅದಕ್ಕೂ ಮೊದಲೇ ಒಂದು ಆದರ್ಶ ದಿನಚರಿ ಬರೆದಿಟ್ಟುಕೊಂಡಿರುತ್ತಾನೆ. ನಿದ್ದೆಗೆ 6 ಗಂಟೆ. ಊಟಕ್ಕೆ ಅರ್ಧ ಗಂಟೆ, ಅದೂ ಗಾಳ ಹಾಕುತ್ತಲೇ. ಸ್ನಾನ, ಶೌಚ ಎಲ್ಲಾ ಸೇರಿ 15 ನಿಮಿಷ. ಮನೆಗೆಲಸಕ್ಕೆ ಅರ್ಧ ಗಂಟೆ, ಓಡಾಟಕ್ಕೆ ಮುಕ್ಕಾಲು, ಗಾಳ–ಕೋಲುಗಳ ರಿಪೇರಿಗೆ ಒಂದೂವರೆ. ಎಲ್ಲ ಕಳೆದು ಮೀನು ಹಿಡಿಯಲು ಉಳಿದದ್ದು ದಿನಕ್ಕೆ 14 ಗಂಟೆ 30 ನಿಮಿಷ. ಆ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ: ಮೀನಿಗೆ ಸಂಬಂಧಿಸದ ಮಾತುಕತೆಗೆ ಸೊನ್ನೆ. ಅಲ್ಲಿ ಸ್ವಲ್ಪ ನಿಲ್ಲು.

ಪಟ್ಟಿಯ ಪ್ರಕಾರ ಬದುಕಿಯೂ ನೋಡುತ್ತಾನೆ. ಮೀನಿಗೇನೂ ಬರವಿಲ್ಲ. ಯಾರೂ ತಡೆಯುವವರಿಲ್ಲ. ಬಯಸಿದ್ದೆಲ್ಲ ಸಿಕ್ಕಿದೆ. ಆದರೂ ವಾರಗಳು ಉರುಳಿದಂತೆ ಹುಡುಗ ಒಣಗುತ್ತಾನೆ. ಮೀನು ಎಳೆದು ಎಳೆದು ಕೈ ಅಭ್ಯಾಸವಾಗಿದೆ, ಒಳಗೆ ಏನೂ ಅಲುಗುವುದಿಲ್ಲ. ಇಷ್ಟಪಟ್ಟದ್ದು ಪೂರ್ತಿ ಸಿಕ್ಕಿದ ಮೇಲೆ ಬರುವ ಈ ಬೇಸರವನ್ನು ಡಂಕನ್ ತುಂಬ ಪ್ರಾಮಾಣಿಕವಾಗಿ ಬರೆದಿದ್ದಾನೆ. ಕೆಲಸದ ಬೇಸರಕ್ಕೆ ರಾಜೀನಾಮೆ ಕೊಡಬಹುದು, ಈ ಬೇಸರಕ್ಕೆ ಯಾರ ಕೈಗೆ ರಾಜೀನಾಮೆ ಕೊಡುತ್ತೀ?

ಆಮೇಲೆ ಒಂದು ದಿನ ಅದೇ ನದಿಯಲ್ಲಿ ಅವನಿಗೆ ಹೆಣ ಸಿಗುತ್ತದೆ, ಮುಳುಗಿ ಸತ್ತ ಒಬ್ಬ ಮೀನುಗಾರನದು. ಅಷ್ಟು ದಿನ ಮೀನು ಕೊಡುತ್ತಿದ್ದ ನೀರು ಹೆಣ ಕೊಟ್ಟಿತು. ದಿನಚರಿಯಲ್ಲಿ ಇದಕ್ಕೆ ಕಾಲಂ ಇಲ್ಲ. ಅಲ್ಲಿಂದ ಅವನಿಗೆ ನಿದ್ದೆ ಕೆಡುತ್ತದೆ, ಪ್ರಶ್ನೆ ಶುರುವಾಗುತ್ತದೆ. ಸತ್ತವನೂ ನನ್ನ ಹಾಗೆ ಗಾಳ ಹಿಡಿದು ಬಂದವನಲ್ಲವೇ, ಇಷ್ಟಕ್ಕೆಲ್ಲ ಏನು ಅರ್ಥ? ಬೆಟ್ಟ ಹತ್ತಿ ನೋಡಿದಾಗ ಕೆಳಗೆ ತಿರುತಿರುಗಿ ಹರಿಯುವ ನದಿಯೇ ‘ಏಕೆ’ ಎಂದು ಇಂಗ್ಲಿಷಿನಲ್ಲಿ ಬರೆದಂತೆ ಕಾಣುತ್ತದೆ. ಪುಸ್ತಕದ ಹೆಸರು ಬಂದದ್ದು ಅಲ್ಲಿಂದ. ಸ್ವಲ್ಪ ನಾಟಕೀಯ ಅನ್ನಿಸಿದರೂ ನಾನು ಒಪ್ಪಿಕೊಂಡೆ.

ಹುಡುಗ ಚೇತರಿಸಿಕೊಂಡದ್ದು ಧ್ಯಾನದಿಂದಲ್ಲ, ನೆರೆಹೊರೆಯಿಂದ. ಬಾಗಿಲು ತೆರೆದು ಹೊರಗೆ ಬಂದ. ಆಚೆಈಚೆಯವರ ಹೆಸರು ತಿಳಿದುಕೊಂಡ, ಅವರ ಮಕ್ಕಳ ಜೊತೆ ಮಾತಾಡಿದ. ಟೈಟಸ್ ಎಂಬ ತತ್ತ್ವಶಾಸ್ತ್ರದ ಹುಚ್ಚನೊಬ್ಬ ಪರಿಚಯವಾದ. ಅವನ ನಾಯಿಯ ಹೆಸರು ಡೆಕಾರ್ಟ್! ಅವನು ಗಸ್‌ಗೆ ಓದಿನ ರುಚಿ ಹತ್ತಿಸುತ್ತಾನೆ, ವಾದಕ್ಕೆ ಎಳೆಯುತ್ತಾನೆ. ಹೊಟ್ಟೆಪಾಡಿಗೆ ಗಸ್ ಫ್ಲೈ ಕಟ್ಟಿ ಮಾರುತ್ತಾನೆ.

ಆ ಕೆಲಸ ನೀನೂ ಕಲಿತಿದ್ದೀಯಲ್ಲ, ನಿನ್ನ ಅಡುಗೆಮನೆಯ ಮೇಜಿನ ಮೇಲೆ ನೋಡಿದೆ. ಪುಟ್ಟ ಇಕ್ಕಳಕ್ಕೆ ಕೊಕ್ಕೆಯನ್ನು ಕಚ್ಚಿಸಿ, ಅದರ ಬೆನ್ನಿಗೆ ಒತ್ತೊತ್ತಾಗಿ ದಾರ ಸುತ್ತಿ, ಹುಂಜದ ಕತ್ತಿನ ಗರಿಯೊಂದನ್ನು ಬುಡದಲ್ಲಿ ಬಿಗಿದು ಸುತ್ತಿದರೆ ಗರಿಯ ಎಳೆಗಳು ನೊಣದ ಕಾಲುಗಳ ಹಾಗೆ ಸುತ್ತಲೂ ನಿಮಿರಿ ನಿಲ್ಲುತ್ತವೆ. ಅದಕ್ಕೆ ತೂಕವೇ ಇಲ್ಲ, ಉಫ್ ಅಂದರೆ ಹಾರಿಹೋಗುತ್ತದೆ. ಅಷ್ಟು ಹಗುರದ್ದನ್ನು ಎಸೆಯಲಾಗದು; ಹಿಂದೆ ಇರುವ ದಪ್ಪ ದಾರದ ಭಾರವೇ ಅದನ್ನು ಮುಂದೆ ಒಯ್ಯುತ್ತದೆ. ನೀನು ಅದನ್ನು ನನಗೆ ಅರ್ಧ ಗಂಟೆ ವಿವರಿಸಿದೆ. ಆ ಅರ್ಧ ಗಂಟೆ ನಿನ್ನ ಮುಖದಲ್ಲಿದ್ದ ಕಳೆ ಆ ಪ್ರವಾಸದಲ್ಲಿ ಮತ್ತೆ ನಾನು ಕಾಣಲಿಲ್ಲ. ಆಗ ನೀನು ಒಬ್ಬನೇ ಇರಲಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿ.

ಕಾದಂಬರಿಯ ಕೊನೆಯ ಭಾಗಕ್ಕಾಗಿಯೇ ಉಳಿದ ಪುಟಗಳನ್ನು ಸಹಿಸಬಹುದು. (ಮೊದಲ ಅರ್ಧದಲ್ಲಿ ನಗೆಚಟಾಕಿ ಅತಿಯಾಯಿತು, ಸಂಪಾದಕರು ಕತ್ತರಿ ಆಡಿಸಬೇಕಿತ್ತು.) ಎಡ್ಡಿ ಎಂಬ ಹುಡುಗಿ ಬರುತ್ತಾಳೆ, ಗಸ್‌ಗಿಂತ ಗಟ್ಟಿ ಗಾಳಗಾತಿ. ಅವಳು ಸಿಕ್ಕಿದ ರೀತಿ ಸ್ವಲ್ಪ ಸಲೀಸಾಯಿತು ಎಂದು ನನ್ನ ತಕರಾರಿದೆ. ಆದರೆ ಅವಳು ಮಾಡುವ ಒಂದು ಕೆಲಸ ದೊಡ್ಡದು. ತುಂಬ ತೆಳು ದಾರಕ್ಕೆ ದೊಡ್ಡ ಚಿನೂಕ್ ಸಾಲ್ಮನ್ ಒಂದು ಸಿಕ್ಕಿರುವ ಕೋಲನ್ನು ಅವನ ಕೈಗೆ ಕೊಟ್ಟು ಹೊರಟುಹೋಗುತ್ತಾಳೆ. ಎಳೆದರೆ ದಾರ ತುಂಡಾಗುತ್ತದೆ. ಹಾಗಾಗಿ ಎಳೆಯುವಂತಿಲ್ಲ, ಮೀನು ಹೋದ ಕಡೆ ತಾನೂ ಹೋಗಬೇಕು. ರಾತ್ರಿಯಿಡೀ, ಕತ್ತಲಲ್ಲಿ, ತಣ್ಣನೆ ನೀರಿನಲ್ಲಿ ತಡವರಿಸುತ್ತ ಅವನು ಆ ಮೀನಿನ ಹಿಂದೆ ಹರಿವಿಗೆ ಎದುರಾಗಿ ನಡೆಯುತ್ತಾನೆ.

ಆ ಮೀನು ಎಲ್ಲಿಗೆ ಹೊರಟಿದೆ ಗೊತ್ತಲ್ಲ? ಚಿನೂಕ್ ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕಿಳಿದು ವರ್ಷಗಳ ಕಾಲ ಬೆಳೆದು, ಹುಟ್ಟಿದ ನೀರಿನ ವಾಸನೆ ಹಿಡಿದು ವಾಪಸು ಬರುತ್ತದೆ. ಸಿಹಿನೀರಿಗೆ ಬಂದ ಮೇಲೆ ಹೆಚ್ಚುಕಡಿಮೆ ಏನೂ ತಿನ್ನುವುದಿಲ್ಲ. ಬಾಲದಿಂದ ಜಲ್ಲಿ ಕೆದಕಿ ಮೊಟ್ಟೆಯಿಟ್ಟು ಸಾಯುತ್ತದೆ. ಸಾಯಲು ಮನೆಗೆ ಹೊರಟದ್ದನ್ನು ಹಿಡಿದು ತಿನ್ನುವ ಮನಸ್ಸು ಗಸ್‌ಗೆ ಉಳಿಯುವುದಿಲ್ಲ. ಬಿಟ್ಟುಬಿಡುತ್ತಾನೆ. ಬೆಳಗಿನ ಜಾವ ವಾಪಸು ನಡೆಯುವಾಗ ಅವನಿಗಾದ ಅನುಭವವನ್ನು ನಾನು ಹೇಳಿ ಕೆಡಿಸುವುದಿಲ್ಲ, ನೀನೇ ಓದು.

ಡಂಕನ್‌ನ ಭಕ್ತಿ ಮೀನಿನ ಜೊತೆಗೇ ನಿಂತುಹೋಗಲಿಲ್ಲ ಎಂಬುದೂ ನನಗೆ ಹಿಡಿಸಿತು. ಬೆಟ್ಟದ ಮರಗಳನ್ನು ಬೋಳಿಸಿದರೆ ಮಳೆಗೆ ಮಣ್ಣು ಇಳಿದು ಆ ಜಲ್ಲಿಯ ಮೇಲೆ ಕೂರುತ್ತದೆ, ಮೊಟ್ಟೆಗೆ ಉಸಿರು ಕಟ್ಟುತ್ತದೆ ಎಂದು ಅವನಿಗೆ ಗೊತ್ತು. ಸಾಲ್ಮನ್‌ಗಾಗಿ ಸ್ನೇಕ್ ನದಿಯ ಕೆಳಭಾಗದ ನಾಲ್ಕು ಅಣೆಕಟ್ಟುಗಳನ್ನು ತೆಗೆಯಿರಿ ಎಂದು ಅವನು ಮುಂದೆ ವರ್ಷಗಟ್ಟಲೆ ಬರೆದ, ಮಾತಾಡಿದ. ಧ್ಯಾನಕ್ಕೆ ಕೂತವನು ಎದ್ದ ಮೇಲೆ ಏನು ಮಾಡಿದ ಎಂದು ಕೇಳುವುದು ನನ್ನ ಹಳೇ ಚಾಳಿ.

ಈಗ ನಿನ್ನ ಮೆಸೇಜಿಗೆ ಬರುತ್ತೇನೆ. ಬೆಳಿಗ್ಗೆ ನಾಲ್ಕರಿಂದ ಇಷ್ಟು ಹೊತ್ತು ಧ್ಯಾನ, ಇಷ್ಟು ಹೊತ್ತು ಗಾಳ, ಫೋನ್ ಬಂದ್, ಯಾರ ಜೊತೆಗೂ ಮಾತಿಲ್ಲ ಎಂದು ನೀನೂ ಪಟ್ಟಿ ಹಾಕಿದ್ದೀಯ. ಅದು ಗಸ್‌ನ ಪಟ್ಟಿಯೇ. ದೇವರನ್ನು ಹುಡುಕುವ ಹುಡುಗರು ಮೊದಲು ಮನುಷ್ಯರನ್ನು ಅಳಿಸಿಹಾಕುವುದನ್ನು ನಾನು ಬಹಳ ನೋಡಿದ್ದೇನೆ. ಅಳಿಸಿದ ಜಾಗದಲ್ಲಿ ದೇವರು ಬಂದು ಕೂತದ್ದನ್ನು ಮಾತ್ರ ನೋಡಲಿಲ್ಲ. ಅಲ್ಲಿ ಬಂದು ಕೂರುವುದು ಸಾಮಾನ್ಯವಾಗಿ ನಮ್ಮದೇ ಅಹಂಕಾರ, ಅದೂ ಮಡಿ ಉಟ್ಟುಕೊಂಡು. ಏಕಾಂತ ಬೇಡ ಎನ್ನುತ್ತಿಲ್ಲ. ವಾರಕ್ಕೊಂದು ದಿನದ ಏಕಾಂತ ನಿನ್ನನ್ನು ಹರಿತ ಮಾಡುತ್ತದೆ, ಆರು ತಿಂಗಳದ್ದು ಏನು ಮಾಡುತ್ತದೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಇನ್ನೊಂದು ಲೌಕಿಕದ ಮಾತು. ಗಸ್‌ಗೆ ವೀಸಾದ ಚಿಂತೆ ಇರಲಿಲ್ಲ. ನೀನಿರುವ ಎಚ್-1ಬಿಯಲ್ಲಿ ಕೆಲಸ ಬಿಟ್ಟವರಿಗೆ ಹೆಚ್ಚೆಂದರೆ 60 ದಿನದ ಗಡುವು. ಆಮೇಲೆ ನಿನ್ನ ಅಧ್ಯಾತ್ಮ ಬೆಂಗಳೂರಿಗೇ ಬರಬೇಕಾಗುತ್ತದೆ.

ನಿನ್ನ ಹಿಲ್ಸ್‌ಬರೊದಿಂದ ಪಶ್ಚಿಮಕ್ಕೆ ಆರನೇ ನಂಬರಿನ ಹೆದ್ದಾರಿ ಹಿಡಿದರೆ ಬೆಟ್ಟ ದಾಟಿದ ಮೇಲೆ ಟಿಲಮೂಕ್‌ವರೆಗೂ ವಿಲ್ಸನ್ ನದಿ ಜೊತೆಯಲ್ಲೇ ಬರುತ್ತದೆ. ಅದಕ್ಕೆ ರಾಜೀನಾಮೆ ಬೇಕಿಲ್ಲ, ಶನಿವಾರ ಸಾಕು. ಮೀನು ಹಿಡಿಯುವ ಲೈಸೆನ್ಸು, ಸಾಲ್ಮನ್‌ಗೆ ಬೇಕಾದ ಟ್ಯಾಗು ಎರಡನ್ನೂ ಮಾಡಿಸಿಕೋ. ನೀರಿಗಿಳಿಯುವಾಗ ಸೊಂಟಕ್ಕೆ ಬೆಲ್ಟ್ ಬಿಗಿ, ಒಬ್ಬನೇ ಇಳಿಯಬೇಡ. ಆಫೀಸಿನಲ್ಲಿ ನಿನ್ನ ಪಕ್ಕದ ಸೀಟಿನ ಆ ಮಾತಿಲ್ಲದ ಹುಡುಗನನ್ನು ಕರೆದುಕೊಂಡು ಹೋಗು, ಕೋಲನ್ನು ಅವನ ಕೈಗೂ ಸ್ವಲ್ಪ ಹೊತ್ತು ಕೊಡು. ಮಳೆಗಾಲ ಕಳೆಯುವವರೆಗೆ ಹೀಗೆ ಮಾಡಿ ನೋಡು. ಆಮೇಲೂ ಕೆಲಸ ಬಿಡಬೇಕು ಅನ್ನಿಸಿದರೆ ನಿನ್ನಪ್ಪನ ಹತ್ತಿರ ನಾನು ಮಾತಾಡುತ್ತೇನೆ. ಅಲ್ಲಿಯವರೆಗೆ ಭಾನುವಾರ ರಾತ್ರಿ ನಿನ್ನಮ್ಮನಿಗೆ ಫೋನ್ ಮಾಡುವುದನ್ನು ತಪ್ಪಿಸಬೇಡ.

ನಿನ್ನ ದೊಡ್ಡಪ್ಪ