ರೋಗ ಯಾವುದೆಂದು ರೀಲ್ ಹೇಳದಿರಲಿ

2015ರಲ್ಲಿ ನಟಿ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆಯ ಬಗ್ಗೆ ಬಾಯಿಬಿಟ್ಟು ಮಾತಾಡಿದರು. ಇಂದು ಇನ್‌ಸ್ಟಾಗ್ರಾಂ, ಯೂಟ್ಯೂಬ್‌ನಲ್ಲಿ ಸಾಮಾನ್ಯರೂ ಮಾತಾಡುತ್ತಿದ್ದಾರೆ. ‘ನನಗೆ ಮಾತ್ರ ಹೀಗಲ್ಲ’ ಎಂಬ ಸಮಾಧಾನ ಸಣ್ಣದಲ್ಲ. ಅಂಥ ವಿಡಿಯೊ ಧೈರ್ಯ ಕೊಟ್ಟರೆ ಖಂಡಿತ ನೋಡಿ.

ಆದರೆ ನಿಮ್ಮ ರೋಗ ಯಾವುದೆಂದು ತೀರ್ಮಾನಿಸುವುದನ್ನು ರೀಲ್‌ಗೆ ಬಿಡಬೇಡಿ. ಕೆನಡಾದ ಸಂಶೋಧಕರು ಟಿಕ್‌ಟಾಕ್‌ನ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿಚಟುವಟಿಕೆಯ ಸಮಸ್ಯೆ) ಕುರಿತ 100 ಜನಪ್ರಿಯ ವಿಡಿಯೊಗಳನ್ನು ಪರಿಶೀಲಿಸಿ 2022ರಲ್ಲಿ ವರದಿ ಮಾಡಿದರು. ಅರ್ಧಕ್ಕಿಂತ ಹೆಚ್ಚು ದಾರಿ ತಪ್ಪಿಸುವಂಥವು. ಸುಸ್ತು, ಮರೆವು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಖಿನ್ನತೆಯಲ್ಲೂ ಇರುತ್ತದೆ, ಥೈರಾಯ್ಡ್ ಕಡಿಮೆಯಾದಾಗಲೂ, ಬಿ12 ಕೊರತೆಯಲ್ಲೂ. ಬಿಡಿಸಿ ಹೇಳಲು ರಕ್ತಪರೀಕ್ಷೆ ಬೇಕು, ನಿಮ್ಮ ಮಾತನ್ನು ಕೂತು ಕೇಳುವ ವೈದ್ಯರು ಬೇಕು. ಒಂದು ದುಃಖದ ವಿಡಿಯೊ ಪೂರ್ತಿ ನೋಡಿದರೆ ಅಂಥವೇ ಸಾಲುಗಟ್ಟುತ್ತವೆ ಎಂಬುದೂ ನೆನಪಿರಲಿ. ಮನಸ್ಸು ಭಾರವಾದ ರಾತ್ರಿ ಫೋನ್ ದೂರವಿಡಿ. ಯಾರದೋ ಕಾಮೆಂಟ್ ಓದಿ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು.

ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸ ಹಳಿಗೆ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರಂತೂ ವಾರ, ದಿನ ಎಣಿಸಬೇಡಿ. ಆ ಕ್ಷಣವೇ ಕರೆ ಮಾಡಿ, ಪಕ್ಕದಲ್ಲಿರುವವರಿಗೂ ಹೇಳಿ.