ಬಣ್ಣ ತೋರಿಸುವ ತಪ್ಪು

ಮಕ್ಕಳೇ, ಕನ್ನಡ ವ್ಯಾಕರಣದ ಪಾಠದಲ್ಲಿ ನಾಮಪದ, ಕ್ರಿಯಾಪದಗಳಿಗೆ ಅಡಿಗೆರೆ ಎಳೆದಿದ್ದೀರಲ್ಲವೇ? ಗೆರೆ ಎಳೆದರೆ ವಾಕ್ಯದ ಅರ್ಥ ಬದಲಾಗುವುದಿಲ್ಲ. ಆದರೆ ಯಾವ ಪದದ ಕೆಲಸ ಏನೆಂದು ಥಟ್ಟನೆ ತಿಳಿಯುತ್ತದೆ. ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆಯುವವರಿಗೂ ಇಂಥ ಸಹಾಯ ಬೇಕು. ಅವರಿಗೆ ಗೆರೆಯ ಬದಲು ಬಣ್ಣ ನೆರವಾಗುತ್ತದೆ.

ಪೈಥಾನ್ ಎಂಬುದು ಕಂಪ್ಯೂಟರಿಗೆ ಆಜ್ಞೆ ಕೊಡುವ ಒಂದು ಭಾಷೆ. ನೆದರ್ಲೆಂಡ್ಸ್ ದೇಶದ ಗೈಡೊ ವಾನ್ ರಾಸಮ್ ಇದನ್ನು ರೂಪಿಸಿ 1991ರಲ್ಲಿ ಹೊರತಂದರು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ನಾವು ಇಡುವ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲೂ ಬರೆಯಬಹುದು! ಈ ಸಾಲು ನೋಡಿ:

ಊರು = "ಧಾರವಾಡ" # ಇದು ನನ್ನ ಊರು

ಪೈಥಾನ್ ಜೊತೆಗೇ ಬರುವ 'ಐಡಲ್' ಎಂಬ ತಂತ್ರಾಂಶದ ಮೂಲ ಬಣ್ಣಗಳಲ್ಲಿ 'ಊರು' ಎಂಬ ಹೆಸರು ಕಪ್ಪು. ಉದ್ಧರಣ ಚಿಹ್ನೆಗಳ ಒಳಗಿರುವುದು ಹಸಿರು. # ಚಿಹ್ನೆಯಿಂದ ಸಾಲಿನ ಕೊನೆಯವರೆಗೆ ಇರುವುದು ಟಿಪ್ಪಣಿ, ಅದು ಕೆಂಪು. ಟಿಪ್ಪಣಿ ಇರುವುದು ಓದುವ ಮನುಷ್ಯರಿಗಾಗಿ. ಕಂಪ್ಯೂಟರ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ಬಣ್ಣ ಬರುವುದು ಹೇಗೆ?

ತಂತ್ರಾಂಶಕ್ಕೆ ಧಾರವಾಡ ಎಲ್ಲಿದೆ ಎಂದು ಗೊತ್ತಿಲ್ಲ. ಅದು ಎಡದಿಂದ ಬಲಕ್ಕೆ ಚಿಹ್ನೆಗಳನ್ನು ಗಮನಿಸುತ್ತಾ ಹೋಗುತ್ತದೆ. ಉದ್ಧರಣ ಚಿಹ್ನೆ ತೆರೆದ ಕೂಡಲೇ ಹಸಿರು ಆರಂಭ, ಮುಚ್ಚಿದ ಕೂಡಲೇ ಮುಕ್ತಾಯ. ಹಾಗಾದರೆ "ಕೋಣೆ # 5" ಎಂದು ಬರೆದರೆ? ಇಲ್ಲಿ # ಕೂಡ ಹಸಿರೇ. ಏಕೆಂದರೆ ಅದು ತೆರೆದ ಚಿಹ್ನೆಯ ಒಳಗಿದೆ!

ಈಗ ಧಾರವಾಡದ ನಂತರದ ಚಿಹ್ನೆ ಹಾಕಲು ಮರೆತಿರಿ ಎನ್ನಿ. ಹಸಿರು ನಿಲ್ಲದೆ ಸಾಲಿನ ಕೊನೆಯವರೆಗೂ ಹರಿಯುತ್ತದೆ. ಕೆಂಪಾಗಬೇಕಾದ ಟಿಪ್ಪಣಿಯೂ ಹಸಿರಾಗುತ್ತದೆ. ಇಂಥ ಒಂದು ತಪ್ಪಿದ್ದರೂ ಆಜ್ಞೆಗಳು ನಡೆಯುವುದಿಲ್ಲ. ಬಣ್ಣ ಅದನ್ನು ಮೊದಲೇ ತೋರಿಸಿಕೊಡುತ್ತದೆ.

ವೇಗದ ಗುಟ್ಟು

ಸಾವಿರಾರು ಸಾಲುಗಳಿದ್ದರೆ, ಒಂದು ಅಕ್ಷರ ಬದಲಿಸಿದಾಗಲೆಲ್ಲ ಮೊದಲಿನಿಂದ ಬಣ್ಣ ಹಚ್ಚಬೇಕೇ? ಬೇಕಿಲ್ಲ. ಪ್ರತಿ ಸಾಲಿನ ಕೊನೆಯಲ್ಲಿ 'ಚಿಹ್ನೆ ತೆರೆದಿದೆಯೋ, ಮುಚ್ಚಿದೆಯೋ' ಎಂಬುದನ್ನು ತಂತ್ರಾಂಶ ನೆನಪಿಟ್ಟುಕೊಂಡರೆ ಸಾಕು. ಬದಲಾದ ಸಾಲನ್ನು ಮಾತ್ರ ಮತ್ತೆ ಓದುತ್ತದೆ. ಅದರ ಕೊನೆಯ ಸ್ಥಿತಿ ಮೊದಲಿನಂತೆಯೇ ಇದ್ದರೆ ಕೆಳಗಿನ ಸಾಲುಗಳ ಬಣ್ಣವೂ ಸರಿಯಾಗಿಯೇ ಇರುತ್ತದೆ. ಸ್ಥಿತಿ ಬದಲಾಗಿದ್ದರೆ ಮಾತ್ರ ಮುಂದಿನ ಸಾಲಿಗೆ ಹೋಗುತ್ತದೆ.

ಮಾಡಿ ನೋಡಿ

ಕಪ್ಪು, ಹಸಿರು, ಕೆಂಪು ಪೆನ್ಸಿಲ್ ತೆಗೆದುಕೊಳ್ಳಿ. ಐಡಲ್‌ನ ನಿಯಮದಂತೆ ಈ ಸಾಲುಗಳನ್ನು ನೋಟ್ ಪುಸ್ತಕದಲ್ಲಿ ಬರೆಯಿರಿ. ಐಡಲ್‌ನಲ್ಲಿ ಅಂಕಿಗಳೂ ಕಪ್ಪು.

1. ವಯಸ್ಸು = 12 # ಬರುವ ವರ್ಷ 13
2. ಹಣ್ಣು = "ಮಾವು # ಸಿಹಿ"
3. ನದಿ = "ತುಂಗಭದ್ರಾ # ಹಂಪಿಯ ಬಳಿ

ಯಾವ ಸಾಲಿನಲ್ಲಿ ತಪ್ಪಿದೆ? ನಿಮಗೆ ಅದನ್ನು ತಿಳಿಸಿದ ಬಣ್ಣ ಯಾವುದು? ಗೆಳೆಯರೊಂದಿಗೆ ಚರ್ಚಿಸಿ.